ಹಾಜರಿ ಕೊಟ್ಟು ಕೋಟ್ಯಧೀಶೆಯಾದ ಕಾಳಿಯ ಪರವಾಗಿ

ಡಿಜಿಟಲ್ ನಾಣ್ಯದ ಲಂಚ ಪ್ರಕರಣವನ್ನು ವಿಚಾರಿಸುತ್ತಿರುವ ವಿಶೇಷ ತನಿಖಾ ತಂಡದ ಮುಖ್ಯಸ್ಥರೇ,

ಸುಂಟಿಕೊಪ್ಪದ ಪಕ್ಕದ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಯಲ್ಲಿ ವಾಸಿಸುವ, ಇತ್ತೀಚಿನವರೆಗೂ ಕಾಫಿ ಕೊಯ್ದು ಬದುಕುತ್ತಿದ್ದ ಕಾಳಿ ಎಂಬ ಹೆಂಗಸು ಬಡವಳೋ ಕೋಟ್ಯಧೀಶೆಯೋ ಎಂಬುದನ್ನು ತಾವು ಇನ್ನೂ ತೀರ್ಮಾನಿಸಿಲ್ಲ. ತಾವು ತೀರ್ಮಾನಿಸುವ ತನಕ ಅವಳ ಬಿಪಿಎಲ್ ಕಾರ್ಡು ರದ್ದು. ಕಾರ್ಡು ರದ್ದಾದ್ದರಿಂದ ಅವಳ ಗಂಡ ಚಿನ್ನನ ಸೊಂಟದ ಶಸ್ತ್ರಚಿಕಿತ್ಸೆ ನಿಂತಿದೆ. ಮೈಸೂರಿನ ಆಸ್ಪತ್ರೆಯವರು ಮುಂದಿನ ತಿಂಗಳ ಎರಡನೇ ವಾರದಲ್ಲಿ ದಿನ ಕೊಟ್ಟಿದ್ದಾರೆ. ಅದು ತಪ್ಪಿದರೆ ಈ ಮನುಷ್ಯ ಮತ್ತೆ ಎದ್ದು ನಡೆಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ತಮ್ಮಿಂದ ಬೇಕಾಗಿರುವುದು ಎರಡು ಸಾಲಿನ ಒಂದು ಪತ್ರ, ಅಷ್ಟೇ. ಅದನ್ನು ಕೇಳಿಕೊಂಡು ತಮ್ಮ ಕಚೇರಿಗೆ ಬಂದೆವು, ಬೆಂಚಿನ ಮೇಲೆ ಕೂತೆವು, ಅಂಚೆಯಲ್ಲೂ ಬರೆದೆವು. ಒಳಗೆ ಕೇಳಿಸಲಿಲ್ಲವಾದ್ದರಿಂದ ಈಗ ಪತ್ರಿಕೆಯ ಮೂಲಕ ಬೀದಿಯಲ್ಲಿ ನಿಂತು ಕೇಳುತ್ತಿದ್ದೇನೆ.

ನಾನು ಯಾರು ಎಂಬ ಪ್ರಶ್ನೆ ತಮ್ಮ ಕಚೇರಿಯಲ್ಲಿ ಈಗಾಗಲೇ ಎದ್ದಿದೆ. ‘ನೀವು ಆ ಹೆಂಗಸಿನ ಸಂಬಂಧಿಕರಾ, ವಕೀಲರಾ?’ ಎಂದು ಕೇಳಿದರು. ಎರಡೂ ಅಲ್ಲ. ನಾನು ಸುಂಟಿಕೊಪ್ಪದಲ್ಲಿ ನ್ಯಾಯಬೆಲೆ ಅಂಗಡಿ ನಡೆಸುವವಳು. ಕೊಡ್ಲಿಪೇಟೆಯ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ ತಕ್ಕಡಿಯ ಹಿಂದೆ ಬೆಳೆದೆ. ಮದುವೆಯಾಗಿ ಈ ಊರಿಗೆ ಬಂದೆ. ಗಂಡ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಅಂಗಡಿ ನನ್ನ ಹೆಸರಿಗೆ ಬಂತು. ಯಾರ ಮನೆಯಲ್ಲಿ ಸರ್ಕಾರದ ಅಕ್ಕಿ ಬೇಯುತ್ತದೆ, ಯಾರು ಅದನ್ನು ಕೋಳಿಗೆ ಹಾಕುತ್ತಾರೆ, ಯಾರು ನನ್ನ ಅಂಗಡಿಯಿಂದ ಪಡೆದು ಎದುರಿನ ಅಂಗಡಿಗೆ ಮಾರುತ್ತಾರೆ ಎಂಬುದೆಲ್ಲ ನನಗೆ ಗೊತ್ತು. ಬಡತನವನ್ನು ಅಳೆಯುವ ಕೆಲಸವನ್ನು ಸರ್ಕಾರ ಈಗ ಕಂಪ್ಯೂಟರಿಗೆ ಒಪ್ಪಿಸಿದೆ. ಒಪ್ಪಿಸಲಿ, ಬೇಡವೆನ್ನಲು ನಾನು ಯಾರು? ಆದರೆ ಕಂಪ್ಯೂಟರು ಎಂದೂ ಕಾಳಿಯ ಮನೆಗೆ ಹೋಗಿಲ್ಲ. ನಾನು ಹೋಗಿದ್ದೇನೆ.

ಜುಲೈ ತಿಂಗಳಲ್ಲಿ ಕಾಳಿ ಎಂದಿನಂತೆ ಚೀಲ ಹಿಡಿದು ಸರದಿಯಲ್ಲಿ ಬಂದಳು. ಮಿಷನ್ ಮೇಲೆ ಬೆರಳಿಟ್ಟಳು. ಹತ್ತು ಬೆರಳಲ್ಲಿ ಒಂದಾದರೂ ಒಪ್ಪಿಗೆಯಾಗಲಿ ಎಂದು ಒಂದೊಂದೇ ಇಡಿಸುವುದು ನಮ್ಮಲ್ಲಿ ರೂಢಿ. ಮೆಣಸು, ಕಾಫಿ ಕೊಯ್ಯುವವರ ಬೆರಳ ಗೆರೆ ಸವೆದು ನುಣ್ಣಗಾಗಿರುತ್ತದೆ. ಆ ದಿನ ಬೆರಳು ಒಪ್ಪಿಗೆಯಾಯಿತು, ಕಾರ್ಡು ಆಗಲಿಲ್ಲ. ಪರದೆಯ ಮೇಲೆ ‘ರದ್ದು: ಕುಟುಂಬದ ಸದಸ್ಯರು ಆದಾಯ ತೆರಿಗೆ ಪಾವತಿದಾರರು’ ಎಂದು ಬಂತು.

“ಎಂತ ಅಕ್ಕ, ಮಿಷನ್ ಹಾಳಾಗಿದ್ಯಾ?” ಎಂದಳು ಕಾಳಿ.

“ಮಿಷನ್ ಸರಿ ಇದೆ. ನೀನು ತೆರಿಗೆ ಕಟ್ತೀಯಂತೆ.”

ಅವಳು ನಕ್ಕಳು. ಹಿಂದೆ ನಿಂತಿದ್ದ ಹೆಂಗಸರೂ ನಕ್ಕರು. ಗಂಗಮ್ಮ ಎಂಬಾಕೆ, “ಹಂಗಾದ್ರೆ ನಂಗೊಂದು ಚಿನ್ನದ ಓಲೆ ಮಾಡ್ಸಿಕೊಡೇ” ಎಂದಳು. ನಾನೂ ನಕ್ಕೆ. ಸರ್ಕಾರದ ಕಂಪ್ಯೂಟರು ಸತ್ತವರಿಗೆ ಅಕ್ಕಿ ಕೊಟ್ಟು ಬದುಕಿದವರ ಹೆಸರು ತೆಗೆಯುವುದು ನನಗೆ ಹೊಸದಲ್ಲ, ಒಂದು ಅರ್ಜಿ ಕೊಟ್ಟರೆ ಸರಿಹೋದೀತು ಎಂದುಕೊಂಡೆ. ಅವಳ ಆಧಾರ್, ಪ್ಯಾನ್ ವಿವರವನ್ನು ನನ್ನ ತಮ್ಮ ಕೀರ್ತಿಕುಮಾರನಿಗೆ ಕಳಿಸಿದೆ. ಅವನು ಕೊಡ್ಲಿಪೇಟೆಯಲ್ಲಿ ಶುಂಠಿ, ಕಾಫಿ ವ್ಯಾಪಾರಿಗಳ ತೆರಿಗೆ ಲೆಕ್ಕ ಬರೆಯುವವನು. ಸಂಜೆ ಅವನೇ ಫೋನ್ ಮಾಡಿದ.

“ಅಕ್ಕಾ, ಈ ಯಮ್ಮ ಯಾರಕ್ಕಾ? ನಮ್ಮ ಪೇಟೆಯ ಸಾಹುಕಾರ್ರೆಲ್ಲಾ ಸೇರಿದ್ರೂ ಇಷ್ಟು ವ್ಯವಹಾರ ಮಾಡಾಕಿಲ್ಲ ಕಣಕ್ಕ. ಕೋಟಿ ಮೇಲೆ ಹೋಗ್ಯದೆ. ಎಲ್ಲಾ ಕ್ರಿಪ್ಟೋ.”

ಆ ಪದವನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ, ಹಾಗೆಂದರೇನೆಂದು ತಲೆ ಕೆಡಿಸಿಕೊಂಡಿರಲಿಲ್ಲ. ತಮ್ಮ ಬಿಡಿಸಿ ಹೇಳಿದ. ಇದು ಕಣ್ಣಿಗೆ ಕಾಣದ, ಕೈಗೆ ಸಿಗದ ನಾಣ್ಯ. ಇಂಟರ್ನೆಟ್ಟಿನಲ್ಲಿ ಅದನ್ನು ಮಾರುವ ಅಂಗಡಿಗಳಿವೆ. ಅಲ್ಲಿ ಖಾತೆ ತೆರೆಯಬೇಕಾದರೆ ಆಧಾರ್ ಬೇಕು, ಪ್ಯಾನ್ ಬೇಕು, ಮುಖದ ವಿಡಿಯೋ ಬೇಕು. ಒಂದು ಬಗೆಯ ನಾಣ್ಯ ಮಾರಿ ಇನ್ನೊಂದು ಬಗೆಯದನ್ನು ಕೊಂಡಾಗಲೆಲ್ಲ ನೂರಕ್ಕೆ ಒಂದು ರೂಪಾಯಿ ತೆರಿಗೆ ಮುರಿದು ಖಾತೆದಾರರ ಹೆಸರಿಗೆ ಬರೆಯುತ್ತಾರೆ, ಕಾಳಿ ತೆರಿಗೆ ಕಟ್ಟುವವಳಾದದ್ದು ಹೀಗೆ. ಆಮೇಲೆ ಆ ನಾಣ್ಯವನ್ನು ಅಂಗಡಿಯಿಂದ ಹೊರಗೆ ತೆಗೆದು ವ್ಯಾಲೆಟ್ ಎಂಬ ಖಾಸಗಿ ತಿಜೋರಿಗೆ ಹಾಕಿದರೆ ಮುಗಿಯಿತು. ಆ ತಿಜೋರಿಗೆ ಹೆಸರೂ ಬೇಡ, ಮುಖವೂ ಬೇಡ. ಒಂದು ರಹಸ್ಯ ಪದಮಾಲೆ ಗೊತ್ತಿರುವವನು ಅದರ ಒಡೆಯ. ಅವನು ಮಡಿಕೇರಿಯಲ್ಲಿ ಕೂತು ತೆಗೆಯಬಹುದು, ದುಬೈಯಲ್ಲಿ ಕೂತೂ ತೆಗೆಯಬಹುದು.

ಅಂದರೆ ಕೊಡುವವನ ಕಡೆಯ ಬಾಗಿಲಲ್ಲಿ ಕಾವಲಿದೆ, ಪಡೆಯುವವನ ಕಡೆಯ ಬಾಗಿಲು ಬಯಲು. ಇಂಥ ಅನುಕೂಲವನ್ನು ನಮ್ಮ ರಾಜಕಾರಣ ಬಿಟ್ಟೀತೇ? ಹಿಂದೆ ಲಂಚಕ್ಕೂ ಒಂದು ಕಷ್ಟವಿತ್ತು. ನೋಟು ಎಣಿಸಬೇಕು, ಕಟ್ಟಬೇಕು, ಹೊರಬೇಕು, ನಂಬಿಕಸ್ಥ ಡ್ರೈವರ್ ಬೇಕು. ಗೋಡೆಯೊಳಗೆ ಅಡಗಿಸಿದರೆ ಗೆದ್ದಲು ತಿನ್ನುತ್ತಿತ್ತು. ಕಳೆದ ಚುನಾವಣೆಯಲ್ಲಿ ನಮ್ಮೂರಿನ ದೇರಪ್ಪನವರು ಮೆಣಸು ಮಾರಿದ ದುಡ್ಡನ್ನು ಜೀಪಿನಲ್ಲಿ ತರುತ್ತಿದ್ದಾಗ ಚೆಕ್‌ಪೋಸ್ಟಿನಲ್ಲಿ ಹಿಡಿದು, ಮಂಡಿಯ ರಸೀದಿ ಬರುವ ತನಕ ಬಿಸಿಲಿನಲ್ಲಿ ಕೂರಿಸಿದರು. ಅವರ ಮನೆಯ ಕೋವಿಯನ್ನಂತೂ ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಒಪ್ಪಿಸಿಕೊಂಡಾಗಿತ್ತು. ಕೋವಿಯೂ ಇಲ್ಲದ, ದುಡ್ಡೂ ಇಲ್ಲದ ದೇರಪ್ಪನವರಿಂದ ಪ್ರಜಾಪ್ರಭುತ್ವ ಆ ಸಲ ಸುರಕ್ಷಿತವಾಗಿ ಉಳಿಯಿತು. ಅದೇ ಹೊತ್ತಿನಲ್ಲಿ ಅದೇ ಚೆಕ್‌ಪೋಸ್ಟಿನ ಮೂಲಕ ಎಷ್ಟು ಕೋಟಿ ಯಾರ ಫೋನಿನೊಳಗೆ ದಾಟಿತೋ, ಬ್ಯಾರಿಕೇಡಿಗೆ ಗೊತ್ತಾಗುವುದುಂಟೇ?

ಈಗ ಕಾಳಿಯ ಮುಖ ಆ ಅಂಗಡಿಗೆ ಹೋದದ್ದು ಹೇಗೆ ಎಂಬುದಕ್ಕೆ ಬರುತ್ತೇನೆ. ತಮ್ಮ ತಂಡಕ್ಕೆ ಇದನ್ನು ಹೇಳಲು ನಾವು ಪ್ರಯತ್ನಿಸಿದೆವು. ಕೇಳಿಸಿಕೊಂಡವರು ‘ಅಷ್ಟೂ ತಿಳಿಯಲ್ವಾ ಇವರಿಗೆ?’ ಎಂದು ಪರಸ್ಪರ ನೋಡಿಕೊಂಡರು. ತಿಳಿಯುವುದಿಲ್ಲ ಎಂದಲ್ಲ ಸ್ವಾಮಿ, ಹಾಜರಿ ಕೊಡಲು ತಿಳಿದದ್ದೇ ಮುಳುವಾಯಿತು.

ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚಿನ ಹಾಜರಿ ನಡೆಯುವುದಿಲ್ಲ ಎಂದು ಎಸ್ಟೇಟಿನವರು ಎರಡು ವರ್ಷದ ಹಿಂದೆ ಮುಖದ ಹಾಜರಿ ತಂದರು. ಬೆಳಿಗ್ಗೆ ಕೆಲಸಕ್ಕೆ ಮೊದಲು ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಮೇಸ್ತ್ರಿ ಫೋನ್ ಹಿಡಿಯುತ್ತಾನೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಕಣ್ಣು ಮಿಟುಕಿಸು. ಟಿಕ್ ಎಂದು ಸದ್ದು ಬಂದರೆ ಹಾಜರಿ ಬಿತ್ತು. ಮೊದಮೊದಲು ಹೆಂಗಸರು ನಾಚಿಕೊಂಡು ನಕ್ಕುಬಿಡುತ್ತಿದ್ದರು, ನಕ್ಕರೆ ಫೋನು ಗುರುತು ಹಿಡಿಯುತ್ತಿರಲಿಲ್ಲ, ಅರ್ಧ ದಿನದ ಕೂಲಿ ಹೋಗುತ್ತಿತ್ತು. ಕೂಲಿ ಕಡಿದು ಕಡಿದು ಎಲ್ಲರಿಗೂ ಕಲಿಸಿದರು. ಈಗ ಲೈನಿನ ಯಾವ ಹೆಂಗಸಿನ ಮುಂದೆ ಫೋನ್ ಹಿಡಿದರೂ ಸಾಕು, ಕೇಳದೆಯೇ ಎಡಕ್ಕೆ, ಬಲಕ್ಕೆ ತಿರುಗಿ ಕಣ್ಣು ಮಿಟುಕಿಸುತ್ತಾಳೆ. ನನ್ನ ಮೊಮ್ಮಗಳ ಜೊತೆ ಫೋಟೋ ತೆಗೆಯಲು ನಿಂತಾಗಲೂ ಕಾಳಿ ಹಾಗೆಯೇ ಮಾಡಿದ್ದಳು. ಆಗ ನಗು ಬಂದಿತ್ತು. ಈಗ ಆ ಫೋಟೋ ತೆಗೆದು ನೋಡಲು ಮನಸ್ಸು ಬರುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ, ಕಾಫಿ ಪಿಕ್ಕಿಂಗ್ ಜೋರಾಗಿದ್ದಾಗ, ಬೆಳಗಿನ ಹಾಜರಿಯ ಹೊತ್ತಿಗೇ ಪುನೀತ್ ಎಂಬವನು ಒಂದು ವ್ಯಾನಿನಲ್ಲಿ ಬಂದ. ಮಾನ್ಯ ಜನಪ್ರತಿನಿಧಿಯೊಬ್ಬರ ಹಿಂದೆಮುಂದೆ ಓಡಾಡುವವನು ಎಂದೇ ಅವನ ಪರಿಚಯ. ಬೇರೆ ಕಸುಬು ಯಾರೂ ಕಂಡಿಲ್ಲ. ಮಾನ್ಯರ ಹುಟ್ಟುಹಬ್ಬದ ಪ್ರಯುಕ್ತ ಕಾರ್ಮಿಕ ಕಾರ್ಡ್ ಶಿಬಿರ ಎಂದು ಬ್ಯಾನರು ಕಟ್ಟಿದ. ಮಾನ್ಯರು ಅದರಲ್ಲಿ ಕೈಮುಗಿದು ನಗುತ್ತಿದ್ದರು. ಮೇಸ್ತ್ರಿಯೇ ಎಲ್ಲರನ್ನೂ ಸಾಲು ನಿಲ್ಲಿಸಿದ. ಒಂದು ಫೋನಿಗೆ ಹಾಜರಿ ಕೊಟ್ಟು ಎರಡು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಫೋನಿನ ಮುಂದೆ ನಿಂತರು. ಎಡಕ್ಕೆ, ಬಲಕ್ಕೆ, ಕಣ್ಣು ಮಿಟುಕು. ಅವರವರ ಫೋನಿಗೆ ಬಂದ ಒಟಿಪಿ ಅಂಕಿಗಳನ್ನು ಪುನೀತನೇ ನೋಡಿಕೊಂಡ, ಪ್ಯಾನ್ ಇಲ್ಲದವರಿಗೆ ಅಲ್ಲೇ ಮಾಡಿಸಿದ, ಬ್ಯಾಂಕಿನ ಖಾತೆಯನ್ನೂ ಅಲ್ಲೇ ತೆರೆಸಿದ. ಪ್ರತಿಯೊಬ್ಬರಿಗೂ ಒಂದೊಂದು ಕಂಬಳಿ ಕೊಟ್ಟ. ಕಾರ್ಮಿಕ ಕಾರ್ಡು ಮಾತ್ರ ಇವತ್ತಿನವರೆಗೂ ಬಂದಿಲ್ಲ.

ಸರ್ಕಾರದ ಹೆಸರು, ನಾಯಕರ ಚಿತ್ರ, ಮೇಸ್ತ್ರಿಯ ಅಪ್ಪಣೆ, ಹಾಜರಿಯ ಸಾಲು, ಕೂಲಿ ಹೋಗುವ ಭಯ ಇವೆಲ್ಲ ಒಂದೇ ಅಂಗಳದಲ್ಲಿ ಸೇರಿದಾಗ ‘ನನ್ನ ಒಪ್ಪಿಗೆ ಇಲ್ಲ’ ಎಂದು ಕಾಳಿ ಹೇಳಬೇಕಿತ್ತು ಎಂಬುದು ತಮ್ಮ ತಂಡದ ಅಭಿಪ್ರಾಯ. ತಾವು ಹೇಳುತ್ತಿದ್ದಿರೇ? ಎದೆ ಮುಟ್ಟಿಕೊಂಡು ಹೇಳಿ. ಮೇಲಿನವರು ಬಂದು ಸಾಲು ನಿಲ್ಲಿಸಿದಾಗ ತಾವಾಗಲೀ ತಮ್ಮ ಮೇಲಿನವರಾಗಲೀ ಎಂದಾದರೂ ‘ಇದು ಯಾತಕ್ಕೆ?’ ಎಂದು ಕೇಳಿದ್ದುಂಟೇ?

ಮಾರ್ಚಿನಲ್ಲಿ ಚಿನ್ನ ಮೆಣಸು ಕೊಯ್ಯುವಾಗ ಏಣಿ ಜಾರಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಕೆಳಗೆ ಬಿದ್ದ. ಆಗ ಕಾರ್ಡು ಇನ್ನೂ ಜೀವಂತವಾಗಿತ್ತು. ಒಂದು ಶಸ್ತ್ರಚಿಕಿತ್ಸೆ ಆಯಿತು, ಕಂಬಿ ಹಾಕಿದರು. ಮೂಳೆ ಕೂಡಲಿಲ್ಲ. ಕಂಬಿ ತೆಗೆದು ಸೊಂಟದ ಕೀಲನ್ನೇ ಬದಲಿಸಬೇಕು ಎಂದರು. ಆ ಎರಡನೆಯದಕ್ಕೆ ಹೋಗುವ ಹೊತ್ತಿಗೆ ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಕಾಳಿಯ ಕುಟುಂಬ ಶ್ರೀಮಂತವಾಗಿತ್ತು. ಹಣ ಕಟ್ಟಿ ಎಂದರು. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರೂ ಬದುಕಿಡೀ ಮೆಣಸು ಕೊಯ್ದರೂ ಹುಟ್ಟದ ಹಣ.

ಆಹಾರ ಇಲಾಖೆಗೆ ಹೋದೆವು. ಅಲ್ಲಿಯ ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ. “ಅಮ್ಮ, ಈ ವ್ಯವಹಾರ ಇವರದ್ದಲ್ಲ ಅಂತ ತನಿಖೆ ಮಾಡೋರು ಒಂದು ಪತ್ರ ಕೊಟ್ರೆ ಆ ದಿನವೇ ಕಾರ್ಡ್ ಸರಿ ಮಾಡ್ತೀನಿ” ಎಂದರು. ಆ ವೇಳೆಗೆ ತಮ್ಮ ನೋಟಿಸು ಬಂದಿತ್ತು. ಶಿಬಿರದ ಸಾಲಿನಲ್ಲಿ ನಿಂತ ಬೇರೆಯವರಿಗೂ ಬಂದಿದೆ, ಆದರೆ ಕಾಳಿಯ ಖಾತೆಯಲ್ಲಿ ಹೆಚ್ಚು ಹಣ ಓಡಾಡಿದ್ದರಿಂದ ಮೊದಲ ಗೌರವ ಅವಳದ್ದು. ‘ಭೂಕುಸಿತ ತಡೆಗೋಡೆ ಕಾಮಗಾರಿಗಳ ಬಿಲ್ಲು ಮಂಜೂರಾತಿ ಸಂಬಂಧ ಜನಪ್ರತಿನಿಧಿಯೊಬ್ಬರಿಗೆ ಗುತ್ತಿಗೆದಾರರು ಸಂದಾಯ ಮಾಡಿದರೆನ್ನಲಾದ ಕಮಿಷನ್ ಹಣವು ತಮ್ಮ ಖಾತೆಯ ಮೂಲಕ ಹಾದುಹೋಗಿರುವುದು ಕಂಡುಬಂದಿದ್ದು’ ಎಂದು ಶುರುವಾಗುವ ಆ ವಾಕ್ಯ ಒಂದೂವರೆ ಪುಟದಾಚೆ ಮುಗಿಯುತ್ತದೆ. ಕಾಳಿಗೆ ನಾನು ಅದನ್ನು ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: “ಪೊಲೀಸ್ ನನ್ನ ಹಿಡೀತಾರಾ ಅಕ್ಕ? ಇವನಿಗೆ ನೀರು ಕೊಡೋರು ಯಾರು?”

ಮಡಿಕೇರಿಗೆ ಅವಳ ಜೊತೆ ನಾನೂ ಬಂದಿದ್ದೆ. ತಮ್ಮ ತಂಡದ ಅಧಿಕಾರಿ ಬೈಯಲಿಲ್ಲ, ಕೂರಿಸಿ ಮಾತಾಡಿಸಿದರು, ಟೀ ತರಿಸಿದರು. ಅನ್ಯಾಯವನ್ನು ಇಷ್ಟು ಸೌಜನ್ಯದಿಂದ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ತಿರುಗಿಸಿ ಒಂದು ವಿಡಿಯೋ ತೋರಿಸಿದರು. ಅದರಲ್ಲಿ ಕಾಳಿ ತಲೆಗೆ ವಸ್ತ್ರ ಕಟ್ಟಿಕೊಂಡು ಎಡಕ್ಕೆ ತಿರುಗುತ್ತಾಳೆ, ಬಲಕ್ಕೆ ತಿರುಗುತ್ತಾಳೆ, ಕಣ್ಣು ಮಿಟುಕಿಸುತ್ತಾಳೆ.

“ಇದು ನೀವೇ ಅಲ್ವಾ ಅಮ್ಮ?”

“ಹೌದು ಸಾರ್, ನಾನೇ.”

“ಯಾರಾದ್ರೂ ಹೆದರಿಸಿದ್ರಾ? ಹೊಡೆದ್ರಾ?”

“ಇಲ್ಲ ಸಾರ್. ಯಾಕೆ ಹೊಡೀತಾರೆ?”

“ಏನಾದ್ರೂ ಕೊಟ್ರಾ?”

“ಕಂಬಳಿ ಕೊಟ್ರು.”

ಅವರು ಟೈಪು ಮಾಡಿ ಓದಿ ಹೇಳಿದರು. ‘ಸದರಿ ಖಾತೆಯನ್ನು ಸ್ವಇಚ್ಛೆಯಿಂದ ತೆರೆದಿದ್ದು, ಅದಕ್ಕೆ ಪ್ರತಿಫಲವಾಗಿ ಕಂಬಳಿ ಪಡೆದಿರುವುದಾಗಿ ಒಪ್ಪಿಕೊಂಡಿರುತ್ತಾರೆ.’ ನಾನು ಎದ್ದು ನಿಂತೆ. ಹಾಜರಿ ಅಂದುಕೊಂಡು ನಿಂತಳು ಎಂದು ಬರೆಯಿರಿ ಎಂದೆ. ‘ನೀವು ಸಾಕ್ಷಿಯಲ್ಲ, ಹೊರಗೆ ಕೂತಿರಿ’ ಎಂದರು. ಹೊರಗೆ ಬಂದೆ. ಕಾಳಿ ಒಳಗೆ ಹೆಬ್ಬೆಟ್ಟು ಒತ್ತಿದಳು. ಬಸ್ಸಿನಲ್ಲಿ ಬರುವಾಗ ನಾನು ಸಿಟ್ಟಿನಿಂದ, “ನೀನಲ್ಲ ಅಂತ ಹೇಳಬಾರದಿತ್ತಾ?” ಎಂದುಬಿಟ್ಟೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ನನ್ನ ಮೂತಿ ನಂದಲ್ಲ ಅನ್ನೋದು ಹೆಂಗೆ ಅಕ್ಕ?”

ಮುಖ್ಯಸ್ಥರೇ, ತಮ್ಮ ಇಡೀ ತನಿಖೆ ಅವಳ ಆ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಕಾಳಿ ಸುಳ್ಳು ಹೇಳಿದ್ದರೆ ತಮ್ಮ ಬಳಿ ಆರೋಪಿಯೇ ಇರುತ್ತಿರಲಿಲ್ಲ. ಗುತ್ತಿಗೆದಾರ ಸುಳ್ಳು ಹೇಳಿದ್ದಾನೆ, ಅವನಿಗೆ ನಿರೀಕ್ಷಣಾ ಜಾಮೀನು. ಪುನೀತ್ ಏನೂ ಹೇಳಿಲ್ಲ, ಅವನು ಊರಲ್ಲೇ ಇಲ್ಲ. ಅವನ ಫೋನು ಸ್ವಿಚ್ ಆಫ್ ಎಂದು ತಮ್ಮವರು ಹೇಳಿದರು, ಸ್ವಿಚ್ ಆಫ್ ಆದ ಫೋನಿನ ಮುಂದೆ ಕಾನೂನು ಕೈಚೆಲ್ಲಿ ಕೂರಬೇಕೆಂಬ ನಿಯಮವಿರುವವರ ಹಾಗೆ. ಹಣ ಕಾಳಿಯ ಖಾತೆಗೆ ಬಂದದ್ದು ಪತ್ತೆಯಾಗಿದೆ. ಅವಳ ಖಾತೆಯಿಂದ ಹೋದದ್ದೂ ಪತ್ತೆಯಾಗಿದೆ. ಹೋಗಿ ಸೇರಿದ್ದು ಎಲ್ಲಿಗೆ ಎಂದರೆ ‘ಗುರುತು ಪತ್ತೆಯಾಗದ ವ್ಯಾಲೆಟ್’. ಕಮಿಷನ್ ಯಾವ ಬಿಲ್ಲಿಗೆ ಎಂದು ಗೊತ್ತು, ಬಿಲ್ಲಿಗೆ ಸಹಿ ಬೀಳುವಂತೆ ಒತ್ತಾಯಿಸಿದ್ದು ಯಾರ ಕಚೇರಿ ಎಂದು ಗೊತ್ತು, ಶಿಬಿರದ ಬ್ಯಾನರಿನಲ್ಲಿ ಯಾರ ಚಿತ್ರವಿತ್ತು ಎಂದು ಎಸ್ಟೇಟಿನ ನಾಯಿಗೂ ಗೊತ್ತು. ವ್ಯಾಲೆಟ್ಟಿನ ಒಡೆಯ ಯಾರೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಸುಂಟಿಕೊಪ್ಪದಿಂದ ಕುಶಾಲನಗರದವರೆಗೆ ಒಮ್ಮೆ ತಮ್ಮ ವಾಹನದ ಗಾಜು ಇಳಿಸಿಕೊಂಡು ಬನ್ನಿ. ಪ್ರತಿ ಕೂಡುರಸ್ತೆಯಲ್ಲಿ ಮಾನ್ಯರ ಮುಖವಿದೆ. ಗೌರಿ ಹಬ್ಬಕ್ಕೆ ಶುಭಾಶಯ, ಕೈಲ್‌ಪೊಳ್ದ್‌ಗೆ ಶುಭಾಶಯ, ಓಣಂಗೆ ಶುಭಾಶಯ, ಈದ್‌ಗೆ ಶುಭಾಶಯ. ಇಷ್ಟು ಮುಖವಿದ್ದೂ ತಮ್ಮ ಕಂಪ್ಯೂಟರಿಗೆ ಅವರ ಗುರುತು ಹತ್ತುವುದಿಲ್ಲ. ವರ್ಷಕ್ಕೊಮ್ಮೆಯೂ ಕನ್ನಡಿ ನೋಡದ ಕಾಳಿಯ ಮುಖ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು. ನಾನು ಹೆಸರು ಬರೆಯುತ್ತಿಲ್ಲ. ಮಾನನಷ್ಟ ಮೊಕದ್ದಮೆ ನಡೆಸುವಷ್ಟು ನಾಣ್ಯ ನನ್ನ ಬಳಿ ಇಲ್ಲ, ಕಣ್ಣಿಗೆ ಕಾಣುವಂಥದ್ದೂ ಇಲ್ಲ, ಕಾಣದಂಥದ್ದೂ ಇಲ್ಲ.

ಇನ್ನೊಂದು ಮಾತು. ಆ ಕಮಿಷನ್ ಹುಟ್ಟಿದ್ದು ಗೋಡೆಯಿಂದ. ಆ ಕಾಮಗಾರಿಯ ಒಂದು ಗೋಡೆ ಕಾಳಿಯ ಲೈನಿನ ಹಿಂದಿನ ಗುಡ್ಡದ ಬರೆಗೇ ಕಟ್ಟಿದ್ದು. ಈ ಜೂನಿನಲ್ಲಿ ಅದು ಗರ್ಭಿಣಿಯ ಹೊಟ್ಟೆಯ ಹಾಗೆ ಮುಂದಕ್ಕೆ ಬಂತು. ಪಂಚಾಯಿತಿಯವರು ಬಂದು ಕೆಂಪು ಪಟ್ಟಿ ಕಟ್ಟಿ ‘ಅಪಾಯ’ ಎಂದು ಬರೆದು ಹೋದರು. ಲೈನಿನವರೆಲ್ಲ ಹಗಲು ರಾತ್ರಿ ಅದರ ಕಡೆ ಒಂದು ಕಿವಿ ಇಟ್ಟೇ ಬದುಕುತ್ತಿದ್ದಾರೆ. ಕದ್ದ ಸಿಮೆಂಟು ಕಾಳಿಯ ತಲೆಯ ಮೇಲೆ ಬೀಳಲು ಕಾಯುತ್ತಿದೆ, ಕದ್ದ ಹಣ ಕಾಳಿಯ ಹೆಸರಿನಲ್ಲಿ ಓಡಾಡಿದೆ, ಕದ್ದ ಅಪರಾಧವೂ ಕಾಳಿಯದೇ. ಎದ್ದು ಓಡಬೇಕಾಗಿ ಬಂದರೆ ಎಲ್ಲರೂ ಓಡಿಯಾರು. ಚಿನ್ನ ಓಡಲಾರ, ಅವನನ್ನು ಬಿಟ್ಟು ಕಾಳಿ ಓಡಲಾರಳು. ಅದನ್ನು ಯೋಚಿಸಿದಾಗ ನನಗೆ ಭಯವಾಗುತ್ತದೆ.

ಅವಳಿಗೂ ಭಯವಾಗಿದೆ, ಆದರೆ ಬೇರೆ ರೀತಿಯದು. ತಮ್ಮ ಕಚೇರಿಯಿಂದ ಬಂದ ಮಾರನೆಯ ದಿನ ಹಾಜರಿಯ ಸಾಲಿನಲ್ಲಿ ಮೇಸ್ತ್ರಿ ಫೋನ್ ಹಿಡಿದಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟಳಂತೆ. ಬೈದರು, ಸಮಾಧಾನ ಹೇಳಿದರು, ಸೆರಗು ತೆಗೆಯಲಿಲ್ಲ. ಹಾಜರಿ ಇಲ್ಲದವರಿಗೆ ಕೆಲಸವಿಲ್ಲ. ಈಗ ಅವಳು ಊರೊಳಗೆ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಾಳೆ. ಅಕ್ಕಿಯನ್ನು ನಾನು ನನ್ನ ಮನೆಯ ಡಬ್ಬದಿಂದ ಕೊಡುತ್ತೇನೆ. ಅದನ್ನು ಧರ್ಮಕ್ಕೆ ಅವಳು ಇಸಿದುಕೊಳ್ಳುವುದಿಲ್ಲ, ಹಿತ್ತಲು ಗುಡಿಸಿ ಹೋಗುತ್ತಾಳೆ. ಸರ್ಕಾರದ ಅಕ್ಕಿ ಪಡೆಯುವಾಗ ಅವಳು ಯಾರ ಹಿತ್ತಲನ್ನೂ ಗುಡಿಸಬೇಕಾಗಿರಲಿಲ್ಲ, ಅದು ಅವಳ ಪಾಲು ಎಂದು ತಲೆಯೆತ್ತಿ ಒಯ್ಯುತ್ತಿದ್ದಳು. ತಾವು ಅವಳಿಂದ ಕಿತ್ತುಕೊಂಡದ್ದು ಕಿಲೋ ಲೆಕ್ಕದ ಅಕ್ಕಿಯನ್ನು ಮಾತ್ರ ಎಂದು ತಿಳಿಯಬೇಡಿ.

ಪತ್ರ ಕೊಡಲು ತಮಗಿರುವ ಅಡ್ಡಿಯೇನು ಎಂದು ಕೇಳಿದರೆ ‘ತನಿಖೆ ಪ್ರಗತಿಯಲ್ಲಿದೆ’ ಎಂಬ ಉತ್ತರ. ಪ್ರಗತಿ ಎಂದರೆ ಯಾವ ದಿಕ್ಕಿಗೆ? ವ್ಯಾಲೆಟ್ಟಿನ ಕಡೆಗಾದರೆ ಸಂತೋಷ, ಕಾಯುತ್ತೇವೆ. ಆದರೆ ವಾರಕ್ಕೊಬ್ಬ ಕೂಲಿಯವಳನ್ನು ಕರೆದು ಕಣ್ಣು ಮಿಟುಕಿಸಿದ್ದು ನೀನೇನಾ ಎಂದು ಕೇಳುವುದು ಪ್ರಗತಿಯಲ್ಲ, ಕಾಲಹರಣ. ಚುನಾವಣೆ ಮತ್ತೆ ಬರುವವರೆಗೆ ಹೀಗೆ ಎಳೆದರೆ ಮಾನ್ಯರೇ ಮತ್ತೆ ಗೆದ್ದಾಗ ಕಡತ ಮುಚ್ಚಬಹುದು, ಸೋತರೆ ತೆರೆಯಬಹುದು ಎಂದು ಊರಿನ ಹೋಟೆಲುಗಳಲ್ಲಿ ಜನ ಮಾತಾಡಿಕೊಳ್ಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ನಂಬದಿರಲು ತಾವು ನನಗೆ ಒಂದು ಕಾರಣ ಕೊಟ್ಟರೆ ಉಪಕಾರವಾದೀತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶಿಬಿರದಲ್ಲಿ ಮುಖ ಕೊಟ್ಟ ಕಾರ್ಮಿಕರು ಈ ಪ್ರಕರಣದಲ್ಲಿ ವಂಚನೆಗೆ ಒಳಗಾದವರು, ಆ ವ್ಯವಹಾರ ಅವರ ಆದಾಯವಲ್ಲ ಎಂದು ತಮ್ಮ ಕಚೇರಿಯ ಕಾಗದದಲ್ಲಿ ಬರೆದು ಆಹಾರ ಇಲಾಖೆಗೆ ಕಳಿಸಿಕೊಡಿ. ಕಾಳಿಯದ್ದನ್ನು ಮೊದಲು, ಈ ವಾರವೇ ಕಳಿಸಿ. ಆಮೇಲೆ ಅವಳನ್ನು ಕೂರಿಸಿದ ಅದೇ ಕುರ್ಚಿಯಲ್ಲಿ ಬ್ಯಾನರಿನಲ್ಲಿ ನಗುತ್ತಿದ್ದವರನ್ನು ಕೂರಿಸಿ, ಅದೇ ಸೌಜನ್ಯದಿಂದ ಟೀ ಕೊಟ್ಟು, ‘ಇದು ನೀವೇ ಅಲ್ವಾ?’ ಎಂದು ಕೇಳಿ. ಅವರು ಏನು ಹೇಳುತ್ತಾರೋ ಅದನ್ನೂ ಟೈಪು ಮಾಡಿ.

ಪತ್ರಿಕೆಗೆ ಕಳಿಸುವ ಮುನ್ನ ಇಷ್ಟನ್ನೂ ಲೈನ್ ಮನೆಗೆ ಹೋಗಿ ಗಂಡಹೆಂಡಿರಿಗೆ ಓದಿ ಹೇಳಿದೆ. ಅವರ ಕಥೆ, ಅವರ ಒಪ್ಪಿಗೆ ಇಲ್ಲದೆ ಹಾಕುವುದು ಸರಿಯಲ್ಲ. ಕಾಳಿ ಬಾಗಿಲ ಬಳಿ ಕೂತು ತಲೆ ಬಗ್ಗಿಸಿ ಕೇಳಿದಳು. ಚಿನ್ನ ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡ. ಮುಗಿದ ಮೇಲೆ ಅವನು ಕೇಳಿದ.

“ಅಕ್ಕ, ಜೈಲಲ್ಲಿ ಇರೋರಿಗೆ ಕಾಲು ಮುರಿದ್ರೆ ಖರ್ಚು ಯಾರ್ದು?”

“ಸರ್ಕಾರದ್ದೇ.”

“ಕಾರ್ಡ್ ಕೇಳ್ತಾರಾ?”

“ಇಲ್ಲ.”

ಅವನು ನನ್ನ ಕಡೆ ತಲೆ ತಿರುಗಿಸಿದ.

“ಹಂಗಾದ್ರೆ ಆ ದುಡ್ಡೆಲ್ಲ ನಂದೇ ಅಂತ ಬರೀರಿ ಅಕ್ಕ. ಇವಳಿಗೆ ಎಂತದೂ ಗೊತ್ತಿಲ್ಲ, ಚಿನ್ನನೇ ಮಾಡ್ಸಿದ್ದು ಅಂತ ಬರೀರಿ. ಬಂದು ಕರ್ಕೊಂಡು ಹೋಗ್ಲಿ. ಆಪರೇಷನ್ ಆದ್ಮೇಲೆ ಎಷ್ಟು ವರ್ಷ ಬೇಕಾದ್ರೂ ಇಟ್ಕೊಳ್ಳಲಿ.”

“ಬಾಯಿ ಮುಚ್ಚು” ಎಂದಳು ಕಾಳಿ. ಎದ್ದು ಹೊರಗೆ ಹೋದಳು.

ಅವನು ತಮಾಷೆ ಮಾಡುತ್ತಿರಲಿಲ್ಲ ಮುಖ್ಯಸ್ಥರೇ. ನಾನು ಅವನು ಹೇಳಿದಂತೆ ಬರೆದಿಲ್ಲ. ಆದರೆ ಮುಂದಿನ ತಿಂಗಳ ಎರಡನೇ ವಾರದೊಳಗೆ ತಮ್ಮ ಪತ್ರ ಬಾರದಿದ್ದರೆ ಬರೆದುಕೊಡುತ್ತೇನೆ, ಅವನ ಹೆಬ್ಬೆಟ್ಟು ಹಾಕಿಸಿ ನಾನೇ ತಂದು ಒಪ್ಪಿಸುತ್ತೇನೆ. ತಮಗೂ ಒಬ್ಬ ಆರೋಪಿ, ತಪ್ಪೊಪ್ಪಿಗೆಯ ಸಮೇತ ಸಿಕ್ಕಂತಾಗುತ್ತದೆ. ಅವನನ್ನು ಬಂಧಿಸಲು ಬರುವಾಗ ಸ್ಟ್ರೆಚರ್ ತನ್ನಿ. ಅವನಿಗೆ ಜೀಪಿನಲ್ಲಿ ಕೂರಲು ಆಗುವುದಿಲ್ಲ.

ಇಂತಿ,
ಬಡವಳೊಬ್ಬಳನ್ನು ಬಡವಳೆಂದು ರುಜುವಾತು ಮಾಡಲಾಗದೆ ಸೋತು ಕೂತಿರುವ,
ಸುಮಿತ್ರಮ್ಮ
ನ್ಯಾಯಬೆಲೆ ಅಂಗಡಿ, ಸುಂಟಿಕೊಪ್ಪ